ಚಳಿಗೆ ಬಿಗಿದ ಚಾಕು

ದೊಡ್ಡಪ್ಪನ ಮಡಿಚುವ ಚಾಕುವಿನ ಹಿಡಿ ಕಂದು ಬಣ್ಣದ್ದೆಂದು ನನ್ನ ನೆನಪು. ಅವರ ಮಗಳು ಸ್ವಾತಿ ಕಪ್ಪು ಎನ್ನುತ್ತಾಳೆ. ಅವಳೇ ಸರಿಯಿರಬಹುದು. ದಿನವೂ ಡೈರಿ ಬರೆಯುವವಳು ನಾನಾದರೂ ಆ ಚಾಕು ಸರಿಹೋದ ದಿನದ ಪುಟದಲ್ಲಿರುವುದು ನನ್ನ ನೆಗಡಿಯ ವಿಷಯ ಮಾತ್ರ. ಇವತ್ತು ಕಿರುಗುಟ್ಟುವ ಬಾಗಿಲಿಗೆ ಹೊಲಿಗೆ ಮಿಷಿನ್ ಎಣ್ಣೆ ಬಿಡುವಾಗ ಆ ವಾಸನೆಗೆ ಇದೆಲ್ಲ ಎದ್ದು ಬಂತು. ನಂಬುವಷ್ಟನ್ನು ನಂಬಿ.

ಆಗ ದೆಹಲಿಯ ಮಯೂರ್ ವಿಹಾರಕ್ಕೆ ಮೆಟ್ರೋ ಬಂದಿರಲಿಲ್ಲ. ಎಂ.ಎ. ಓದುತ್ತಿದ್ದ ನಾನು ಭಾನುವಾರ ಬಸ್ಸು ಬದಲಿಸಿ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆ. ಪ್ರೀತಿಯಿಂದ ಎಂದು ಬರೆಯಬಹುದು. ದೊಡ್ಡಮ್ಮನ ಸಾರಿಗಾಗಿ ಎಂಬುದು ನಿಜ. ಪಾರ್ಶ್ವವಾಯುವಿನಿಂದ ದೊಡ್ಡಪ್ಪನ ಎಡಗೈ ಸೋತಿತ್ತು. ಅಂಗಿಯ ಗುಂಡಿಯನ್ನೂ ದೊಡ್ಡಮ್ಮನೇ ಹಾಕಬೇಕು. ಪೇರಳೆ ಹಣ್ಣೊಂದನ್ನು ಮಾತ್ರ ಅವರೇ ಹೆಚ್ಚಿಕೊಳ್ಳುತ್ತಿದ್ದರು: ಚಾಕುವನ್ನು ಹಲ್ಲಿನಿಂದ ಬಿಡಿಸಿ, ಹೆಚ್ಚಿ, ಹಿಡಿಯ ಬೆನ್ನಿನಲ್ಲಿದ್ದ ಲಾಕನ್ನು ಹೆಬ್ಬೆರಳಿನಿಂದ ಒತ್ತಿ, ಅಲಗನ್ನು ಮೇಜಿನಂಚಿಗೆ ಆನಿಸಿ ಮಡಿಚುವುದು.

ಆ ಡಿಸೆಂಬರಿನಲ್ಲಿ ಲಾಕು ಕೂತುಬಿಟ್ಟಿತು. ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ; ಬಿಡಿಸಿದ ಚಾಕು ಮಡಿಚದೆ ಹಾಗೇ ಉಳಿಯಿತು.

“ಫೇಂಕ್ ದೋ ಪಪ್ಪಾ, ಬಿಸಾಡಿ ಅದನ್ನ, ಹಣ್ಣು ನಾನು ಕಟ್ ಮಾಡಿ ಕೊಡ್ತೀನಿ ನಾ,” ಎಂದಳು ಸ್ವಾತಿ.

“ಇವತ್ತು ಹಣ್ಣು. ನಾಳೆ ಬಾಯಿಗೆ ತುತ್ತೂ ಇಡ್ತೀಯ.”

“ಕೊಡಿ ದೊಡ್ಡಪ್ಪ, ನಾನು ಒತ್ತಿ ನೋಡ್ತೇನೆ,” ಎಂದೆ.

“ನಿನ್ನ ಕೈ ನೆಟ್ಟಗಿದೆ ಅಂತ ನಂಗೊತ್ತು. ಸುಮ್ಮನಿರು ಮಾರಾಯ್ತಿ!”

ಅವರು ಲಾಕಿನ ಮೇಲೆ ಬಲ ಹಾಕಲಿಲ್ಲ, ಅದೇ ನನಗೆ ಇಂದಿಗೂ ಬೆರಗು. ಎಷ್ಟೋ ದಿನ ಸುಮ್ಮನೆ ಒತ್ತಿ ನೋಡಿ ಇಡುತ್ತಿದ್ದರು. ಒಂದು ಮಧ್ಯಾಹ್ನ ಬಾಲ್ಕನಿಯಿಂದ ಕೂಗಿದರು: “ಬೆಳಿಗ್ಗೆ ಮುಷ್ಕರ, ಬಿಸಿಲು ಬಂದರೆ ಡ್ಯೂಟಿ! ಥೇಟ್ ನಮ್ಮ ಆಫೀಸಿನ ಗುಮಾಸ್ತ!” ಬಿಸಿಲಿಗೆ ಕಾದ ಲಾಕು ತುಸು ಅಲುಗಿತ್ತು. ದೀಪಾವಳಿಗೆ ಅವರೇ ಅದಕ್ಕೆ ತೆಂಗಿನೆಣ್ಣೆ ಹಾಕಿದ್ದರು. ಮಂಗಳೂರಿನವರಿಗೆ ಎಲ್ಲದಕ್ಕೂ ಅದೇ ಮದ್ದು. ದೆಹಲಿಯ ಚಳಿಗೆ ಅದು ಒಳಗೆ ಮೇಣದ ಹಾಗೆ ಗಟ್ಟಿಯಾಗಿತ್ತು.

ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಹಿಡಿಯನ್ನು ಮೊಣಕಾಲುಗಳ ನಡುವೆ ಇರುಕಿ, ಹಳೆಯ ಟೂತ್‌ಬ್ರಷ್ಷಿನಿಂದ ಸಂದು ಉಜ್ಜಿ, ಒಣಗಿಸಿ, ಮಿಷಿನ್ ಎಣ್ಣೆ ಒಂದೇ ತೊಟ್ಟು ಬಿಟ್ಟರು. ಎಲ್ಲವೂ ಒಂದೇ ಕೈಯಲ್ಲಿ. ನೋಡುತ್ತಿದ್ದ ನಮ್ಮ ಕೈಗಳೇ ಚಡಪಡಿಸುತ್ತಿದ್ದವು. ಟಕ್! ಮಡಿಚಿತು. ಅಂದಿನ ಮೊದಲ ಹೋಳು ದೊಡ್ಡಮ್ಮನಿಗೆ, ಕಾಲಾ ನಮಕ್ ಎಂಬ ಕಪ್ಪು ಉಪ್ಪು ಉದುರಿಸಿ.

ದೊಡ್ಡಪ್ಪ ಈಗಿಲ್ಲ. ಇಷ್ಟು ವರ್ಷ ನಾನು ಮೆಚ್ಚಿಕೊಂಡದ್ದು ಅವರೊಬ್ಬರನ್ನೇ. ಇವತ್ತು ಹೊಳೆಯಿತು: ಆ ಚಳಿಗಾಲವಿಡೀ ಗಟ್ಟಿಯಾದ ತೆಂಗಿನೆಣ್ಣೆ ಬಾಟಲಿಯನ್ನು ದಿನಾ ಬಿಸಿಲಿಗಿಟ್ಟು ಕರಗಿಸುತ್ತಿದ್ದವರು ದೊಡ್ಡಮ್ಮ. ಫೋನ್ ಮಾಡಿ ಕೇಳಿಯೇಬಿಟ್ಟೆ.

“ದೊಡ್ಡಮ್ಮಾ, ಲಾಕು ಯಾಕೆ ಬಿಗಿದಿದೆ ಅಂತ ನಿಮಗೆ ಮೊದಲ ದಿನವೇ ಗೊತ್ತಿತ್ತಲ್ವಾ? ಮತ್ಯಾಕೆ ಹೇಳಲಿಲ್ಲ?”

“ಹಾಲು ಒಲೆ ಮೇಲಿದೆ, ಆಮೇಲೆ ಮಾಡ್ತೇನೆ,” ಎಂದು ಇಟ್ಟುಬಿಟ್ಟರು. ಆ ‘ಆಮೇಲೆ’ ಇನ್ನೂ ಬಂದಿಲ್ಲ.