ಅವ್ವನಿದ್ದ ಬಸ್ಸು ಹೊರಟೇ ಹೋಯಿತು

ಶೌಚಾಲಯದಿಂದ ಹೊರಗೆ ಬಂದೆ. ಬಸ್ಸು ಇರಲಿಲ್ಲ.

ಹೋದರೆ ಹೋಯಿತು, ಇನ್ನೊಂದು ಬರುತ್ತದಲ್ಲ ಅನ್ನುತ್ತೀರಾ? ಆ ಬಸ್ಸಿನಲ್ಲಿ ನನ್ನ ಅವ್ವ ಇದ್ದಳು. ಅವಳ ತೊಡೆಯ ಮೇಲೆ ನನ್ನ ಬ್ಯಾಗಿತ್ತು. ಬ್ಯಾಗಿನಲ್ಲಿ ಪರ್ಸು, ಫೋನು, ಆಧಾರ್ ಕಾರ್ಡು, ಮನೆಯ ಕೀಲಿ.

ಕಳೆದ ವಾರದ ಮಾತು. ಮಾನ್ವಿಯಲ್ಲಿ ನೆಂಟರ ಮನೆಯ ಬಸುರಿಗೆ ಕುಬುಸ ಮುಗಿಸಿಕೊಂಡು ಮರುದಿನ ಬೆಳಗ್ಗೆ ಇಬ್ಬರೂ ರಾಯಚೂರಿಗೆ ಹೊರಟಿದ್ದೆವು. ಹನ್ನೊಂದಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್. ಅವ್ವನ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದು ಮಸುಕು. ಓದು ಬರಹ ಇಲ್ಲ. ಮೇಲೆ ಶುಗರ್ ಬೇರೆ. ಬೆಳಗಿನ ಗುಳಿಗೆ ನುಂಗಿದ್ದಳು, ಹೊಟ್ಟೆಗೆ ಇನ್ನೂ ಏನೂ ತಿಂದಿರಲಿಲ್ಲ. ಬುತ್ತಿ ಬ್ಯಾಗಿನಲ್ಲೇ ಇತ್ತು ನಿಜ. ಆದರೆ ನನ್ನನ್ನು ಬಿಟ್ಟು ಒಬ್ಬಳೇ ತಿನ್ನುವವಳಲ್ಲ.

“ಹತ್ತು ನಿಮಿಷ ನಿಂದರ್ತದ್ರೀ” ಅಂದಿದ್ದರು ಕಂಡಕ್ಟರ್, ಮಾನ್ವಿಯ ಸ್ಟ್ಯಾಂಡಿನಲ್ಲಿ. ಅವ್ವನನ್ನು ಕಿಟಕಿ ಪಕ್ಕ ಕೂರಿಸಿ, ಕೈಯಲ್ಲೊಂದು ಐದು ರೂಪಾಯಿ ನಾಣ್ಯ ಹಿಡಿದು ಇಳಿದೆ. ಶೌಚಾಲಯದ ಮುಂದೆ ಉದ್ದನೆಯ ಸಾಲು. (ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು ಎಂದಾದ ಮೇಲೆ ನಮ್ಮ ಓಡಾಟ ಹೆಚ್ಚಿದೆ, ನಮ್ಮ ಸಾಲುಗಳೂ ಬೆಳೆದಿವೆ. ಗಂಡಸರಿಗೆ ಈ ಕಷ್ಟ ಅಷ್ಟು ಬೇಗ ಅರ್ಥವಾಗದು.) ಹತ್ತು ನಿಮಿಷ ಹದಿನೈದಾಯಿತು. ತಪ್ಪು ಯಾರದು? ನನ್ನದೇ.

ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ನಾನು ಹುಚ್ಚಿಯಂತೆ ಅತ್ತಿಂದಿತ್ತ ಓಡುವುದನ್ನು ನೋಡಿ ಬಂದರು. ರಾಜಾಬಿ ಅಂತ, ಸ್ಟ್ಯಾಂಡಿನ ಬಾಗಿಲಲ್ಲೇ ಬಳೆ ಮಾರುವವರು.

“ಏನಾತು ಬೇಟಾ? ಯಾಕ ಅಳಾಕತ್ತಿ?”

ಹೇಳಿದೆ. ತಕ್ಷಣ ತಮ್ಮ ಫೋನು ಕೊಟ್ಟರು. ಯಾರಿಗೆ ಮಾಡಲಿ? ನೆನಪಿಗೆ ಬಂದದ್ದು ಒಂದೇ ನಂಬರ್, ನನ್ನದು. ಮಾಡಿದೆ. ರಿಂಗಾಯಿತು. ಮತ್ತೆ ಮಾಡಿದೆ. ಅವ್ವನಿಗೆ ಫೋನು ಎತ್ತುವುದು ಗೊತ್ತಿಲ್ಲ. ಕಲಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅಂದುಕೊಂಡಿದ್ದೆ, ಅಷ್ಟೇ.

ನೆಂಟರ ಮನೆಗೆ ಓಡಬಹುದಿತ್ತು. ಹೊಳೆಯಲೇ ಇಲ್ಲ. ಆ ಬಸ್ಸನ್ನು ಹಿಡಿಯಬೇಕು ಅನ್ನುವುದೊಂದೇ ತಲೆಯಲ್ಲಿ. ಅಷ್ಟರಲ್ಲಿ ರಾಯಚೂರಿನ ಇನ್ನೊಂದು ಬಸ್ಸು ಬಂತು. ಹತ್ತಿದೆ.

“ಆಧಾರ್ ತೋರಸ್ರೀ.”

ಎಲ್ಲಿಂದ ತೋರಿಸಲಿ? ಟಿಕೆಟ್ಟಿಗೆ ದುಡ್ಡೂ ಇಲ್ಲ. ಕೆಳಗಿನಿಂದಲೇ ರಾಜಾಬಿ ಕೂಗಿದರು: “ಏ ಸಾಬ್, ಆಕಿ ಅವ್ವ ಮುಂದಿನ ಬಸ್ಸಿನ್ಯಾಗ ಹೋಗ್ಯಾಳ, ಕಣ್ಣು ಕಾಣಂಗಿಲ್ಲ ಪಾಪ. ತಗೋ, ಆಕಿ ಟಿಕೀಟು ನಂದು!” ಕಿಟಕಿಯಿಂದ ನೋಟು ಒಳಗೆ ಬಂತು. ನಾನು ಕೈಮುಗಿಯುವಷ್ಟರಲ್ಲಿ ಬಸ್ಸು ಹೊರಟಿತ್ತು.

ಆ ಪ್ರಯಾಣ ಹೇಗಿತ್ತು ಎಂದು ಕೇಳಬೇಡಿ. ಮುಂದೆ ಹತ್ತಿ ಹೇರಿದ ಲಾರಿ, ಅದರ ಮುಂದೆ ಭತ್ತದ ಟ್ರ್ಯಾಕ್ಟರು. ಎಲ್ಲ ರಾಯಚೂರಿಗೇ. ನಮ್ಮ ಬಸ್ಸು ಅವುಗಳ ಬೆನ್ನಿಗೆ ಅಂಟಿಕೊಂಡು ತೆವಳುತ್ತಿತ್ತು. ಶುಗರ್ ಕಡಿಮೆಯಾಗಿ ತಲೆ ಸುತ್ತಿ ಅವ್ವ ಎಲ್ಲಾದರೂ ಇಳಿದಿದ್ದರೆ ಎಂದು ಪ್ರತಿ ಸ್ಟಾಪಿನಲ್ಲೂ ಕುತ್ತಿಗೆ ಚಾಚಿ ನೋಡಿದೆ. ಮರದ ಕೆಳಗೆ ಯಾರಾದರೂ ಬಿದ್ದಿದ್ದಾರಾ? ಚಹಾದಂಗಡಿ ಮುಂದೆ ಜನ ಯಾಕೆ ಸೇರಿದ್ದಾರೆ?

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ರೈಲು ಬಂತು, ರಾಯಚೂರು ಬೆಳೆಯಿತು, ಹತ್ತಿ ಮಿಲ್ಲುಗಳು ಬಂದವು, ಆಮೇಲೆ ಕಾಲುವೆ ನೀರಿನಿಂದ ಭತ್ತ, ಭತ್ತದಿಂದ ಅಕ್ಕಿ ಮಿಲ್ಲು ಎಂದು ವರ್ಷ ವರ್ಷ ನೋಟ್ಸ್ ಕೊಡುತ್ತೇನೆ. ಆ ನೋಟ್ಸಿನಲ್ಲಿ ಅವ್ವ ಇಲ್ಲ. ದೇವದುರ್ಗದ ಕಡೆಯ ಹಳ್ಳಿಯಿಂದ ಲಾರಿಯ ಮೇಲೆ, ಹತ್ತಿ ತುಂಬಿದ ಅಂಡಿಗೆಗಳ ನಡುವೆ ಕೂತು, ಅವಳು ರಾಯಚೂರಿಗೆ ಬರುತ್ತಿದ್ದಳು. ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುವ ಕೆಲಸ. ಮೊದಲ ಸಲ ಬಂದಾಗ ಅವಳಿಗೆ ಹದಿನೇಳೋ ಹದಿನೆಂಟೋ. ಕಿಸೆಯಿಲ್ಲ, ಚೀಲವಿಲ್ಲ, ಊರಲ್ಲಿ ಗುರುತಿನವರಿಲ್ಲ. ಸುಗ್ಗಿ ಮುಗಿಯುವವರೆಗೂ ಮಿಲ್ಲಿನ ಗೋಡೆಯ ಪಕ್ಕದಲ್ಲೇ ಅಡುಗೆ, ಅಲ್ಲೇ ನಿದ್ದೆ. ಆಮೇಲೂ ಬಿಡದ ಆ ಕೂಲಿಯಲ್ಲೇ ನಾನು ಓದಿದ್ದು.

ರಾಯಚೂರಿನ ಸ್ಟ್ಯಾಂಡಿನಲ್ಲಿ ಆ ಬಸ್ಸು ನಿಂತಿತ್ತು. ಒಳಗೆ ಯಾರೂ ಇಲ್ಲ. ಕಂಡಕ್ಟರ್ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. ಅವ್ವ ಎಲ್ಲಿ ಎಂದು ಕೇಳಿದೆ.

“ಆ ಯಜಮಾನ್ತೀನಾ? ದಾರ್ಯಾಗ ಕ್ರಾಸಿನ್ಯಾಗ ಇಳದ್ರಲ್ರೀ!”

“ಇಳಿದರಾ? ಯಾಕೆ ಇಳಿಸಿದ್ರಿ?”

“ನಾ ಎಲ್ಲಿ ಇಳಸಿದೆ? ಗದ್ದಲದಾಗ ಮೊದಲು ಅವರ ಕೂಗು ಕೇಳಲೇ ಇಲ್ಲ. ಕೇಳಿದ ಮ್ಯಾಲೆ, ಕುಂದರು ಯವ್ವಾ, ಮಗಳು ಹಿಂದಿನ ಬಸ್ಸಿಗೆ ಬರ್ತಾಳ ಅಂದೆ. ‘ನನ್ನ ಮಗಳು ಒಬ್ಬಾಕೀನ ಉಳದಾಳ, ನಿಂದ್ರಸು’ ಅಂತ ನನಗಽ ಜೋರು ಮಾಡಿದ್ರು. ಸಣ್ಣ ಹುಡುಗಿ ಇರಬೇಕು ಅಂತ ನಾನೂ ಗಾಬರಿ ಆದೆ.” ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. “ನೀವೇನ್ರೀ ಆ ಮಗಳು?”

ನಾನೇ. ನಲವತ್ತಾರು ವರ್ಷ.

ನಗು ಬರಬೇಕಿತ್ತು, ಬರಲಿಲ್ಲ. ಕಣ್ಣು ಕಾಣದವಳು ಯಾವುದೋ ಕ್ರಾಸಿನಲ್ಲಿ ಒಬ್ಬಳೇ ರಸ್ತೆ ದಾಟಿದ್ದಾಳೆ. ಅದೂ ಆ ಲಾರಿಗಳ ನಡುವೆ. ಕಂಡಕ್ಟರ್ ಅವರ ಫೋನು ಇಸಿದುಕೊಂಡು ಮತ್ತೆ ನನ್ನ ನಂಬರಿಗೇ ಮಾಡಿದೆ.

ಈ ಸಲ ಯಾರೋ ಎತ್ತಿದರು. “ಹಲೋ, ಬೇಟಾ? ನಾ ರಾಜಾಬಿ. ನಿಮ್ಮ ಅವ್ವ ಇಲ್ಲೇ ಅದಾರ, ನನ್ನ ಬಾಜೂ ಕುಂತಾರ. ನಿನ್ನ ಹುಡುಕ್ಕೋತ ಸೀದಾ ಪಾಯಖಾನಿಗೇ ಬಂದ್ರು!”

ನಾನು ರಾಯಚೂರಿಗೆ ಹೋಗುವಾಗ ಅವ್ವ ಮಾನ್ವಿಗೆ ವಾಪಸಾಗುತ್ತಿದ್ದಳು. ಎದುರಿನಿಂದ ಹಾದು ಹೋದ ಬಸ್ಸುಗಳಲ್ಲಿ ಒಂದರಲ್ಲಿ ಅವಳಿದ್ದಳು. ನಾನು ರಸ್ತೆಯ ಅಂಚನ್ನೆಲ್ಲ ಹುಡುಕಿದೆ, ಆ ಬಸ್ಸುಗಳ ಕಿಟಕಿ ನೋಡಲಿಲ್ಲ.

ಫೋನು ಅವ್ವನ ಕೈಗೆ ಹೋಯಿತು. “ನೀ ಎಲ್ಲೀಗೂ ಹೋಗಬ್ಯಾಡ. ಅಲ್ಲೇ ನಿಂದರು. ನಾ ಬರ್ತೀನಿ” ಅಂದಳು.

“ಬ್ಯಾಡಬೇ, ನಾನೇ ಬರ್ತೀನಿ—”

“ನಿಂದರು ಅಂದೆ!”

ನಿಂತೆ. ಒಂದೂವರೆ ತಾಸು ಅದೇ ಕಂಬದ ಹತ್ತಿರ ನಿಂತೆ. ಮಾನ್ವಿಯಿಂದ ಬಂದ ಮೂರನೆಯ ಬಸ್ಸಿನಿಂದ ಅವ್ವ ಇಳಿದಳು, ಬ್ಯಾಗನ್ನು ಎದೆಗೆ ಅವಚಿಕೊಂಡು, ಯಾರದೋ ಕೈ ಹಿಡಿದು. ಬುತ್ತಿ ಬಿಚ್ಚಿರಲೇ ಇಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು, ಮುಂದಿನ ವಾರಕ್ಕೆ ಬನ್ನಿ ಎಂದು ಅಲ್ಲಿದ್ದವರು ಬರೆದುಕೊಟ್ಟರು.

ಮನೆಗೆ ಹೋಗುವಾಗ ಆಟೋದಲ್ಲಿ ಕೇಳಿದೆ, “ಅಂಜಿಕಿ ಬರಲಿಲ್ಲೇನಬೇ, ಒಬ್ಬಾಕೀನ ಕ್ರಾಸಿನ್ಯಾಗ ಇಳಿಯಾಕ?”

“ನನಗ್ಯಾತರ ಅಂಜಿಕಿ? ಬಳಿ ಮಾರಾಕಿ ಹೇಳಿದಳಲ್ಲ, ನೀ ಬರಿಗೈಲೆ ರಾಯಚೂರಿಗೆ ಹೋದಿ ಅಂತ, ಆವಾಗ ಕೈಕಾಲು ನಡುಗಿದ್ವು ನೋಡು.”

ಬರಿಗೈಲೇ ಈ ಊರಿಗೆ ಬಂದು ಬದುಕು ಕಟ್ಟಿದವಳು, ನಾನು ಒಂದೇ ಒಂದು ಬೆಳಗ್ಗೆ ಹಾಗೆ ಬಂದದ್ದಕ್ಕೆ ಇಷ್ಟು ನಡುಗಬೇಕಾದರೆ, ಆ ಮಿಲ್ಲಿನ ದಿನಗಳ ಬಗ್ಗೆ ಅವಳು ನನಗೆ ಹೇಳದೆ ಉಳಿಸಿಕೊಂಡದ್ದು ಎಷ್ಟಿರಬೇಕು?