ಹದಿನಾಲ್ಕನೆಯ ಪೆಟ್ಟಿಗೆಯ ವಿಷಯ

ಬೆಂಗಳೂರಿನ ಹೂಡಿಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ನಮ್ಮ ಲ್ಯಾಬ್. ಬಸುರಿಯರ ರಕ್ತ ಬಂದ ಕೂಡಲೇ ಯಂತ್ರದಲ್ಲಿ ತಿರುಗಿಸಿ, ಅದರ ಹಳದಿ ದ್ರವವಾದ ಪ್ಲಾಸ್ಮಾ ಬೇರ್ಪಡಿಸಿ, ಫ್ರೀಜರ್‌ನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕೂಡಿಡುವ ಕೆಲಸವನ್ನು ಐದು ವರ್ಷ ನಾನೇ ಮಾಡಿದ್ದೆ. ತಾಯಿಯ ರಕ್ತದಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಡಿಎನ್‌ಎ ಚೂರುಗಳೂ ತೇಲುತ್ತಿರುತ್ತವೆ. ಹುಟ್ಟುವ ಮೊದಲೇ ಮಗುವಿನ ದೋಷಗಳ ಸುಳಿವು ಕೊಡುವ ಪರೀಕ್ಷೆ ನಿಂತಿರುವುದು ಆ ಚೂರುಗಳ ಮೇಲೆ. ಕೂಡಿಟ್ಟ ಸ್ಯಾಂಪಲ್‌ಗಳಲ್ಲಿ ಮಗುವಿನ ಪಾಲು ಎಷ್ಟಿದೆ ಎಂದು ಅಳೆಯುವ ಕೆಲಸ ಬಂದಾಗ ಅದು ನನಗೇ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ರಾಯಚೂರಿನಿಂದ ಬಂದು ಎರಡು ತಿಂಗಳೂ ಆಗಿರದ ಒಬ್ಬ ಹುಡುಗಿಗೆ.

ಅವಳ ಕೈ ಚೆನ್ನಾಗಿತ್ತು. ನನಗೆ ಸಹಿಸಲಾಗದಿದ್ದದ್ದೇ ಅದು. ಒಂದೇ ಸ್ಯಾಂಪಲ್ಲನ್ನು ಮೂರು ಸಲ ಅಳೆದರೂ ಅವಳಿಗೆ ಒಂದೇ ಉತ್ತರ ಬರುತ್ತಿತ್ತು. ನನಗೆ ಹಾಗೆ ಬಂದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನಮ್ಮ ಮುಖ್ಯಸ್ಥೆ ಸೋಮವಾರದ ಮೀಟಿಂಗ್‌ನಲ್ಲಿ, "ಈ ಗ್ರಾಫ್ ನೋಡ್ರಪ್ಪ, ಎಷ್ಟು ಕ್ಲೀನಾಗಿದೆ!" ಎಂದಾಗ ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ಆ ಟ್ಯೂಬುಗಳನ್ನು ತುಂಬಿಸಿಟ್ಟವಳು ನಾನು ಎಂಬ ಮಾತನ್ನು ಯಾರೂ ಆಡಲಿಲ್ಲ.

ಹದಿನಾಲ್ಕನೆಯ ಪೆಟ್ಟಿಗೆಗೆ ಬಂದಾಗ ಅವಳ ಲೆಕ್ಕ ಕೆಟ್ಟಿತು. ಮಗುವಿನ ಪಾಲು ಎಲ್ಲ ಟ್ಯೂಬುಗಳಲ್ಲೂ ತೀರಾ ಕಡಿಮೆ. ಮೀಟಿಂಗ್‌ನಲ್ಲಿ ಮುಖ್ಯಸ್ಥೆ ಹುಬ್ಬು ಗಂಟಿಕ್ಕಿದರು. "ಕೈ ಎಲ್ಲೋ ತಪ್ಪಿದೆ. ರಿಪೀಟ್ ಮಾಡು."

ಕೈ ತಪ್ಪಿರಲಿಲ್ಲ. ಆ ಪೆಟ್ಟಿಗೆಯ ರಕ್ತ ಬಂದ ದಿನ ತಿರುಗಿಸುವ ಯಂತ್ರ ಕೆಟ್ಟಿತ್ತು. ಟ್ಯೂಬುಗಳು ಮರುದಿನ ಮಧ್ಯಾಹ್ನದವರೆಗೆ ಹಾಗೇ ನಿಂತಿದ್ದವು. ಅಷ್ಟು ಹೊತ್ತು ಬಿಟ್ಟರೆ ತಾಯಿಯ ರಕ್ತಕಣಗಳು ಒಡೆದು ಅವಳದೇ ಡಿಎನ್‌ಎ ತುಂಬಿಕೊಳ್ಳುತ್ತದೆ, ಅದರಲ್ಲಿ ಮಗುವಿನದು ಮುಳುಗಿಹೋಗುತ್ತದೆ. ಬೈಸಿಕೊಳ್ಳುವುದು ಬೇಡವೆಂದು ನಾನು ರಿಜಿಸ್ಟರ್‌ನಲ್ಲಿ ಬಂದ ದಿನವೇ ತಿರುಗಿಸಿದಂತೆ ಸಮಯ ಬರೆದಿದ್ದೆ.

ಇದನ್ನು ನಾನು ಹೇಳಲಿಲ್ಲ. ಮೊದಲು ಹೆದರಿಕೆಯಿಂದ, ಆಮೇಲೆ ಖುಷಿಯಿಂದ. ಅವಳು ಮತ್ತೆ ಮತ್ತೆ ಅಳೆದು ಸೋಲುವುದನ್ನು ನೋಡುತ್ತ ಕ್ಯಾಂಟೀನಿನಲ್ಲಿ ನಾನು ಇನ್ನೊಂದು ಇಡ್ಲಿ ಹೆಚ್ಚಿಗೆ ತಿನ್ನುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಎರಡು ವಾರ ಕಳೆದ ಮೇಲೆ ಅವಳು ಒಂದು ಟ್ಯೂಬನ್ನು ಬೆಳಕಿಗೆ ಹಿಡಿದು ನನ್ನ ಬಳಿ ಬಂದಳು. ತಳದಲ್ಲಿ ಹಳದಿ ಹನಿಯೊಂದೇ ಉಳಿದಿತ್ತು.

"ಅಕ್ಕಾ, ಇದೊಂದ್ಸಲ ಅಳದ್ರ ಮುಗೀತ್ರಿ. ಈ ತಾಯಿದು ಮತ್ತ ಸಿಗೂದಿಲ್ಲ. ನನ್ನ ಕೈಯಾಗ ಏನೋ ದೋಷ ಐತಿ. ಇದನ್ನ ನೀವ ಮಾಡ್ರಿ."

ಐದು ವರ್ಷದ ಹಿಂದೆ ಯಾವಳೋ ಬಸುರಿ ತೋಳು ಚಾಚಿ ಕೊಟ್ಟದ್ದು ಅದು. ನನ್ನ ಹೊಟ್ಟೆಕಿಚ್ಚಿಗೆ ಖರ್ಚಾಗಿ ಹನಿಗೆ ಬಂದು ನಿಂತಿತ್ತು. "ಅದನ್ನ ಒಳಗಿಡಮ್ಮ," ಎಂದೆ. "ತಪ್ಪು ನಿಂದಲ್ಲ ಕಣೆ." ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಕೂಗಾಡಲಿಲ್ಲ. "ಮೊದಲನೇ ದಿನಾನ ಹೇಳಬೌದಿತ್ತಲ್ರೀ," ಎಂದಳು. ಟ್ಯೂಬನ್ನು ಒಳಗಿಟ್ಟು ಬಂದು, "ರಾತ್ರಿ ನಿದ್ದಿ ಬರ್ತಿದ್ದಿಲ್ಲ ನನಗ," ಎಂದಳು.

ಮುಖ್ಯಸ್ಥೆಗೂ ನಾನೇ ಹೇಳಿದೆ. ಬೈಗುಳ ಬಂತು, ರಿಜಿಸ್ಟರ್ ನನ್ನ ಕೈಯಿಂದ ಹೋಯಿತು. ಕೆಲಸ ಮಾತ್ರ ಉಳಿಯಿತು. ಮುಖ್ಯಸ್ಥೆ ಪೆಟ್ಟಿಗೆಯನ್ನು ಬಿಸಾಡಲು ಹೊರಟಾಗ ಆ ಹುಡುಗಿಯೇ ತಡೆದಳು. "ಬಿಸಾಕಬ್ಯಾಡ್ರಿ ಮೇಡಂ. ತಡ ಆದ್ರ ಮಗೂಂದು ಎಷ್ಟು ಮುಳಗತೈತಿ ಅಂತ ತೋರಿಸಾಕ ಇದ ಸಾಕ್ಷಿ ಆಕ್ಕೈತಿ." ಉಳಿದಿದ್ದ ಹನಿಗಳನ್ನು ಒಳ್ಳೆಯ ಪೆಟ್ಟಿಗೆಗಳ ಜೊತೆ ಹೋಲಿಸಿ ಅವಳು ಹಾಗೆಯೇ ತೋರಿಸಿದಳು. ರಕ್ತವನ್ನು ಎಷ್ಟು ಗಂಟೆಯೊಳಗೆ ತಿರುಗಿಸಬೇಕು ಎಂಬ ನಿಯಮ ಈಗ ನಮ್ಮ ಗೋಡೆಯ ಮೇಲಿದೆ.

ಅವಳು ಇದನ್ನು ತೋರಿಸಿದ ಮೀಟಿಂಗ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೆಟ್ಟ ಪೆಟ್ಟಿಗೆಯೇ ಸಾಕ್ಷಿ ಎಂಬ ಯೋಚನೆ ನನಗೇಕೆ ಹೊಳೆಯಲಿಲ್ಲ ಎಂದು ಒಳಗೆ ಚುರ್ ಎಂದಿತು. ಈಗಲೂ ಅನ್ನುತ್ತದೆ. ಆದರೆ ಅವಳಿಗೆ ತಿಳಿಯಬೇಕಾದದ್ದನ್ನು ಅವತ್ತವತ್ತೇ ಹೇಳಿಬಿಡುತ್ತೇನೆ.