ಡಬ್ಬಿಗಳ ಕೆಳಗಿದ್ದ ಪಟ್ಟಿ

ನನ್ನ ಅಕ್ಷರ ಚೆನ್ನಾಗಿರುವುದೇ ನಮ್ಮ ಮನೆಗೆ ಮುಳುವಾದೀತು ಎಂದು ಕಾನ್ವೆಂಟಿನ ಸಿಸ್ಟರುಗಳು ಎಣಿಸಿರಲಿಕ್ಕಿಲ್ಲ. ಗೆರೆ ಹೊಡೆದು, ಅಂಚು ಬಿಟ್ಟು, ಅಂಕಿಗಳನ್ನು ಒಂದರ ಕೆಳಗೊಂದು ಕೂರಿಸಿ ಬರೆಯುವುದನ್ನು ಕಲಿಸಿದವರು ಅವರೇ.

ನಮ್ಮವರದು ಒಂದು ಟೆಂಪೊ ಟ್ರಾವೆಲರ್. ಶ್ರೀರಾಂಪುರ, ಕುವೆಂಪುನಗರದ ಹದಿಮೂರು ಜನ ಹೆಂಗಸರು ಹೂಟಗಳ್ಳಿಯ ಕಾರ್ಖಾನೆಗೆ ಹೋಗಿಬರಲು ಅದನ್ನು ಗೊತ್ತುಮಾಡಿಕೊಂಡಿದ್ದರು. ಗಾಡಿಗೆ ಇದ್ದದ್ದು ಒಪ್ಪಂದದ ಪರ್ಮಿಟ್ಟು. ಮೊದಲೇ ಮಾತಾಡಿಕೊಂಡವರನ್ನಷ್ಟೇ ಕರೆದೊಯ್ಯಬೇಕು, ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳಬಾರದು. ಹತ್ತುವವರ ಪಟ್ಟಿ ಗಾಡಿಯಲ್ಲಿರಬೇಕು. ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಿ ತರುವುದು ನಮ್ಮವರ ರೂಢಿ, ಬರೆದುಕೊಡುವುದು ನನ್ನ ಕೆಲಸ.

ಬರೀ ಹೆಸರು ಬರೆದಿದ್ದರೆ ಸಾಕಿತ್ತು. ಯಾರೂ ಕಾಯುವಂತಾಗಬಾರದೆಂದು ನಾನು ಪ್ರತಿ ಹೆಸರಿನ ಮುಂದೆ ಹತ್ತುವ ಜಾಗ, ಹೊತ್ತು ಎಲ್ಲ ಬರೆಯುತ್ತಿದ್ದೆ. ನೀರಿನ ಟ್ಯಾಂಕು, ಆರೂ ಹತ್ತು. ಹಾಲಿನ ಬೂತು, ಆರೂ ಹದಿನೆಂಟು. ತಪಾಸಣೆಗೆ ಬಂದ ಹೊಸ ಅಧಿಕಾರಿ ಅದನ್ನು ಗಾಡಿಯ ಮುಂದಿನ ಗಾಜಿನಿಂದ ಬಿಡಿಸಿಕೊಂಡು, "ಇದೇನ್ರೀ, ಬಸ್ಸಿನ ಟೈಮ್‌ಟೇಬಲ್ಲೇ ಅಂಟಿಸ್ಕೊಂಡಿದ್ದೀರಲ್ಲ!" ಎಂದರಂತೆ. ನಾಲ್ಕು ಕಡೆ ನಿಲ್ಲಿಸಿ ಹತ್ತಿಸಿಕೊಂಡರೆ ಅದು ಬಸ್ಸು ಓಡಿಸಿದಂತೆ, ನಿಯಮದ ಅರ್ಥ ಅದೇ ಎಂದು ಇಲಾಖೆ ಪರ್ಮಿಟ್ಟನ್ನು ರದ್ದುಮಾಡಿತು. ಮೇಲ್ಮನವಿಯಲ್ಲೂ ಸೋತೆವು. ಸಾರಿಗೆಯ ನಿಯಮ ಸಾರಿಗೆಯವರಿಗೇ ಚೆನ್ನಾಗಿ ಗೊತ್ತು ಎಂದುಬಿಟ್ಟರು. ಉಳಿದದ್ದು ಹೈಕೋರ್ಟು.

ನಿಂತ ಗಾಡಿಯ ಬ್ಯಾಟರಿ ಇಳಿಯಬಾರದೆಂದು ನಮ್ಮವರು ದಿನಾ ಐದೂವರೆಗೆ ಎದ್ದು, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವರು. ಆ ಸದ್ದು ನಿಂತ ಮೇಲೆ ಅಡುಗೆಮನೆಯಲ್ಲಿ ನನ್ನ ಕೈ ಓಡುತ್ತಿರಲಿಲ್ಲ. ಹದಿಮೂರು ಜನರಲ್ಲಿ ಹಿರಿಯಾಕೆ ಒಂದು ದಿನ ಫೋನು ಮಾಡಿ ಹೇಳಿಯೇಬಿಟ್ಟಳು: "ಎರಡು ಬಸ್ ಬದ್ಲಾಯ್ಸಿ ಸಾಕಾಗೋಗೈತೆ ಕಣಕ್ಕ. ಬೇರೆ ಗಾಡಿಯವನು ಬತ್ತೀನಿ ಅಂತಾವ್ನೆ. ಈ ತಿಂಗ್ಳು ಕಾಯ್ತೀವಿ. ಆಮೇಲೆ ನಮ್ಮನ್ನ ಬೈಕೋಬೇಡಿ."

ಕುವೆಂಪುನಗರದ ನಮ್ಮ ವಕೀಲರು ವಯಸ್ಸಾದವರು. "ಇಲಾಖೆ ಹೇಳಿದ ಅರ್ಥಾನೇ ಕೊನೇದಲ್ಲ ಕಣಮ್ಮ," ಎಂದರು. "ನಿಯಮದ ಮಾತು ಸ್ಪಷ್ಟ ಇದ್ರೆ ಕೋರ್ಟು ಅದನ್ನೇ ನೋಡತ್ತೆ. ಎರಡು ಅರ್ಥಕ್ಕೆ ಜಾಗ ಇದ್ರೆ ಇಲಾಖೆ ಮಾತಿಗೆ ತೂಕ ಕೊಡತ್ತೆ. ಆದ್ರೆ ಇಷ್ಟು ವರ್ಷ ಅದೇ ಇಲಾಖೆ ಏನಂತ ನಡ್ಕೊಂಡು ಬಂದಿತ್ತು ಅಂತಾನೂ ಕೇಳತ್ತೆ. ಹಳೇ ಪಟ್ಟಿಗಳು ಎಲ್ಲಿ?"

ನಮ್ಮವರು ನನ್ನ ಕಡೆ ತಿರುಗಿದರು. ಹೇಳಲು ನಾಚಿಕೆಯಾಯಿತು. ಪ್ರತಿ ದಸರೆಗೆ ಮುಂಚೆ ಅಡುಗೆಮನೆ ತೊಳೆದು, ಶೆಲ್ಫಿನ ಕಾಗದ ಹಾಳಾದ ಕಡೆ ಬೇರೆಯದು ಹಾಸುತ್ತೇನೆ. ಆ ಪಟ್ಟಿಗಳು ಒಳ್ಳೇ ದಪ್ಪ ಕಾಗದ.

"ಶೆಲ್ಫಿಗೆ ಹಾಸಿದ್ದೀನಿ."

"ಆಸ್ಬುಟ್ಯಾ!" ಎಂದು ನಮ್ಮವರು ತಲೆ ಹಿಡಿದುಕೊಂಡರು.

"ಇರ್ಲಿ ಬಿಡಪ್ಪ, ಒಲೆಗೆ ಹಾಕಿಲ್ವಲ್ಲ," ಎಂದರು ವಕೀಲರು.

ಮನೆಗೆ ಬಂದವಳೇ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದೆ. ಮೆಂತ್ಯದ ಕೆಳಗೆ ಒಂದು, ಕಡಲೆಬೇಳೆಯ ಕೆಳಗೆ ಒಂದು. ಮೂಲೆಯಲ್ಲಿ ನೇರಳೆ ಮಸಿಯ ದುಂಡು ಸೀಲು, "ಪರಿಶೀಲಿಸಿದೆ" ಎಂಬ ಮಾತು, ಸಹಿ. ಎಣ್ಣೆ ಡಬ್ಬಿಯ ಕೆಳಗಿನದು ಪಾರದರ್ಶಕವಾಗಿತ್ತು, ಸೀಲು ಮಾತ್ರ ಉಳಿದಿತ್ತು. ಬೆಲ್ಲದ ಡಬ್ಬಿಯ ಕೆಳಗಿನದು ಸರಿಯಾಗಿ ಸೀಲಿನ ಜಾಗದಲ್ಲೇ ಹಲಗೆಗೆ ಅಂಟಿಕೊಂಡಿತ್ತು. ಒದ್ದೆ ಬಟ್ಟೆ ಇಟ್ಟು, ಕಾದು, ದೋಸೆ ಮಗುಚುವ ಕೈಯಿಂದ ಎಬ್ಬಿಸಿದೆ. ಉಸಿರು ಬಿಟ್ಟರೆ ಹರಿಯುತ್ತದೋ ಎಂದು ಉಸಿರನ್ನೂ ಹಿಡಿದಿದ್ದೆ. ಒಟ್ಟು ಐದು ವರ್ಷದ್ದು ಸಿಕ್ಕಿತು.

ವಿಚಾರಣೆ ನಡೆದದ್ದು ವಕೀಲರ ಕಚೇರಿಯ ಕಂಪ್ಯೂಟರಿನಲ್ಲಿ. ಅವರು ಕ್ಯಾಮೆರಾದ ಮುಂದೆ, ನಾವಿಬ್ಬರೂ ಗೋಡೆಗೆ ಒತ್ತಿಕೊಂಡು. ಎಲ್ಲ ಇಂಗ್ಲಿಷು. ನಮ್ಮವರು ಪರದೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು.

ಕಾಗದದ ಮೇಲಿನ ಕಲೆ ಏನೆಂದು ನ್ಯಾಯಮೂರ್ತಿಗಳು ಕೇಳಿದರು. ಅಡುಗೆಮನೆಯ ಶೆಲ್ಫು ಎಂದರು ವಕೀಲರು. ಪರದೆಯಲ್ಲಿ ನಗು ಹಾಯಿತು.

"ಯಾಕ್ ನಗ್ತಾವ್ರೆ? ಸೋತ್ವಾ?" ಎಂದು ನಮ್ಮವರು ಪಿಸುಗುಟ್ಟಿದರು.

"ಸುಮ್ನಿರ್ರೀ."

ಸರ್ಕಾರದ ವಕೀಲರು ಎದ್ದರು. ಐದು ವರ್ಷ ತಪ್ಪು ಕಣ್ಣಿಗೆ ಬೀಳಲಿಲ್ಲವೆಂದರೆ ತಪ್ಪು ಸರಿಯಾಗಿಬಿಡುವುದಿಲ್ಲ, ನಿಯಮದ ಉದ್ದೇಶ ಬಲ್ಲದ್ದು ಇಲಾಖೆ ಎಂದರು. ಆ ಮಾತು ನನಗೇ ನ್ಯಾಯವೆನ್ನಿಸಿತು. ನಮ್ಮವರಿಗೆ ಅದನ್ನು ಹೇಳಲಿಲ್ಲ. ಅವರಿಗೆ ತಿಳಿಯಿತು.

ಆಮೇಲೆ ನ್ಯಾಯಮೂರ್ತಿಗಳು ಒಂದೇ ಪ್ರಶ್ನೆ ಕೇಳಿದರು: ಪಟ್ಟಿಯಲ್ಲಿಲ್ಲದ ಯಾರಾದರೂ ಆ ನೀರಿನ ಟ್ಯಾಂಕಿನ ಬಳಿ ನಿಂತಿದ್ದರೆ ಈ ಗಾಡಿ ಹತ್ತಿಸಿಕೊಳ್ಳುತ್ತಿತ್ತೆ? ತಪಾಸಣೆಯ ವರದಿಯಲ್ಲಿ ಹಾಗೇನೂ ಇರಲಿಲ್ಲ. ಸರ್ಕಾರದ ವಕೀಲರು ಹಾಳೆ ತಿರುಗಿಸುತ್ತಲೇ ಇದ್ದರು. ಅಷ್ಟರಲ್ಲಿ ಧ್ವನಿ ಕಟ್ಟಾಯಿತು. ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ನಮ್ಮವರ ಉಗುರು ನನ್ನ ಮುಂಗೈಯಲ್ಲಿ ಇಳಿದಿತ್ತು.

ಧ್ವನಿ ಬಂದಾಗ ಆದೇಶ ಬರೆಸುತ್ತಿದ್ದರು. ಒಪ್ಪಂದದ ಹೊರಗಿನವರನ್ನು ಹತ್ತಿಸಬಾರದೆಂದು ನಿಯಮ ಹೇಳುತ್ತದೆ, ಒಪ್ಪಂದದವರನ್ನು ಎಷ್ಟು ಜಾಗದಲ್ಲಿ ಹತ್ತಿಸಬೇಕೆಂದು ಹೇಳುವುದಿಲ್ಲ. ಇಲಾಖೆಯ ಅನುಭವಕ್ಕೆ ಗೌರವ ಉಂಟು. ಆದರೆ ಐದು ವರ್ಷ ಸೀಲು ಹಾಕಿದ ಮೇಲೆ ಒಂದು ಬೆಳಿಗ್ಗೆ ಹೊಸ ಅರ್ಥ ಹಿಡಿದು ಪರ್ಮಿಟ್ಟು ಕಸಿಯುವಂತಿಲ್ಲ. ಅರ್ಥ ಬದಲಿಸುವುದಿದ್ದರೆ ಮೊದಲು ತಿಳಿಸಿ, ಇವರ ಮಾತು ಕೇಳಿ. ರದ್ದತಿಯ ಆದೇಶ ನಿಲ್ಲುವುದಿಲ್ಲ.

"ಏನಂದ್ರು ಏಳೇ!"

"ಗಾಡಿ ತೆಗೀಬಹುದಂತೆ ಕಣ್ರೀ. ಆದ್ರೆ ಮುಂದೆ ನೋಟಿಸ್ ಬಂದ್ರೂ ಬರಬಹುದು."

"ಬರ್ಲಿ ಬುಡು," ಎಂದರು. ಕೈ ಮಾತ್ರ ಬಿಡಲಿಲ್ಲ.

ಅಂದು ಸಂಜೆ ಹೊಸ ಪಟ್ಟಿಗೆ ಗೆರೆ ಹೊಡೆಯುತ್ತ ಕೇಳಿದೆ, "ಟೈಮು ಬರೀಲಾ, ಬೇಡ್ವಾ?"

ಅವರೆಂದರು, "ಬರಿ. ತೆಗುದ್ರೆ ತಪ್ಪು ಒಪ್ಕೊಂಡಂಗಾಯ್ತದೆ."

ಬರೆದೆ. ಜೆರಾಕ್ಸ್ ತೆಗೆಸಿ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ಶೆಲ್ಫಿಗೆ ಈಗ ಹಳೇ ಪೇಪರು.

ಪರ್ಮಿಟ್ಟು ಕೈಗೆ ಬಂದ ಮರುದಿನ ಐದೂವರೆಗೆ ಎಂಜಿನ್ ಸದ್ದಾಯಿತು. ಒಗ್ಗರಣೆ ಸೌಟು ಹಿಡಿದು ನಿಂತೆ. ಹತ್ತು ನಿಮಿಷವಾದರೂ ಸದ್ದು ನಿಲ್ಲಲಿಲ್ಲ. ಗೇಟು ಕಿರ್ರೆಂದಿತು. ಗಾಡಿ ತಿರುವಿನಾಚೆ ಹೋಗುವವರೆಗೂ ಕೇಳಿಸಿಕೊಂಡು, ಗಡಿಯಾರ ನೋಡುತ್ತಲೇ ಇದ್ದೆ. ಆರೂ ಹತ್ತಕ್ಕೆ ಫೋನು ಬಂತು. ಆ ಹಿರಿಯಾಕೆ.

"ಅತ್ಕೊಂಡ್ವಿ ಕಣಕ್ಕ."